ಕೈ ಮುಗೀಬ್ಯಾಡ್ರಿ, ಒರಸ್ರಿ

ನನ್ನ ಮುಂದೆ ಹೆಬ್ಬೆರಳುದ್ದದ ಒಂದು ಕಂದೀಲು ಕೂತಿದೆ. ಹಿತ್ತಾಳೆಯ ಬಣ್ಣ, ನಡುವೆ ಕೆಂಪು ಗಾಜಿನ ಒಂದು ಚೂರು. ಹುಮನಾಬಾದಿನ ಹಳೆಯ ಬಜಾರಿನ ಹಿಂದೆ ಕಂದೀಲಪ್ಪನ ಗುಡಿ ಅಂತ ಇದೆಯಲ್ಲ, ಅದರ ಜೀರ್ಣೋದ್ಧಾರಕ್ಕೆ ದೇಣಿಗೆ ಕೊಟ್ಟವರಿಗೆಲ್ಲ ಇಂಥದೊಂದು ಕೊಡುತ್ತಾರಂತೆ. ನಾನು ಏನೂ ಕೊಟ್ಟಿಲ್ಲ. ಈ ಅಜ್ಜಿ ಹಳೆಯ ಕಾಲದವಳು, ಕೊಟ್ಟೇ ಕೊಡುತ್ತಾಳೆಂದು ನನ್ನನ್ನು ನಂಬಿ ಬಂದವರು ಮಾತಿಗೆ ಮೊದಲೇ ಇದನ್ನು ನನ್ನ ಮುಂದಿಟ್ಟರು. ಹೋಗುವಾಗ ವಾಪಸು ಎತ್ತಿಕೊಳ್ಳುವ ಧೈರ್ಯ ಅವರಿಗಾಗಲಿಲ್ಲ. ಯಾಕಾಗಲಿಲ್ಲ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಹೋದ ವಾರದಿಂದ ಇದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿದೆ.

ನಿಜವಾದ ಕಂದೀಲಿಗೆ ಮೂರು ಗಾಜುಗಳಿದ್ದವು. ಕೆಂಪು, ಹಸಿರು, ಬಿಳಿ. ಅದು ದೇವರಲ್ಲ, ರೈಲಿನ ಗಾರ್ಡು ಕೈಯಲ್ಲಿ ಹಿಡಿದು ಬೀಸುವ ಕಂದೀಲು. ಆ ಗುಡಿಯೂ ಗುಡಿಯಲ್ಲ, ಒಬ್ಬ ಹೆಂಗಸಿನ ಮನೆಯ ಹೊರಖೋಲಿ, ಓಣಿಯ ಕಡೆಯ ಕೋಣೆ. ಅವಳನ್ನು ನಾವೆಲ್ಲ ಗಾರ್ಡ್ ಚಾಚಿ ಎಂದು ಕರೆಯುತ್ತಿದ್ದೆವು. ಇನ್ನು ಆ ಗುಡಿಯ ಗೋಡೆಯ ಮೇಲೆ ಊರವರ ಹೆಸರುಗಳೆಲ್ಲ ಬರುತ್ತವಂತೆ, ಅವಳದೊಂದು ಬಿಟ್ಟು.

ನಾನು ಹುಮನಾಬಾದಿಗೆ ಸೊಸೆಯಾಗಿ ಬಂದಾಗ ನಿಜಾಮರ ಕಾಲ. ನನ್ನ ತವರು ಕಲ್ಯಾಣಿ. ಆಗ ಬಸವಕಲ್ಯಾಣ ಅನ್ನುತ್ತಿರಲಿಲ್ಲ. ನನ್ನ ಮಾವನವರದು ಅರಿವೆ ಅಂಗಡಿ, ಅಂಗಡಿಯ ಹಿಂದೆ ಮನೆ, ಮನೆಗೆ ಅಂಟಿಕೊಂಡಂತೆ ಚಾಚಿಯ ಮನೆ. ಅವಳ ಗಂಡ ವಿಕಾರಾಬಾದಿನಿಂದ ಬೀದರಿಗೆ ಹಳಿ ಹಾಕುವಾಗ ಕಲ್ಲು ಮಣ್ಣು ಸಾಗಿಸುವ ಗಾಡಿಗೆ ಗಾರ್ಡು ಆಗಿದ್ದ. ಅವನು ತೀರಿಕೊಂಡ ಮೇಲೆ ಚಾಚಿ ಎರಡು ಟ್ರಂಕು ಹೊತ್ತುಕೊಂಡು ಹುಟ್ಟೂರಿಗೆ ಬಂದಿದ್ದಳು. ಹುಮನಾಬಾದಿನಲ್ಲಿ ಆಗ ರೈಲೂ ಇಲ್ಲ, ರೈಲಿನ ಸುದ್ದಿಯೂ ಇಲ್ಲ. ಹೊಳೆ ಇಲ್ಲದ ಊರಿಗೆ ಅಂಬಿಗಿತ್ತಿ ಬಂದಳು ಎಂದು ಜನ ನಕ್ಕರು.

ಅವಳು ಆ ಟ್ರಂಕುಗಳನ್ನು ಹೊರಖೋಲಿಯಲ್ಲಿ ಬಿಚ್ಚಿದಳು. ಕಂದೀಲು, ಕೆಂಪು ಹಸಿರು ಬಾವುಟಗಳು, ಸೀಟಿ, ಗುಂಡಿ ಉದುರಿದ ಕರಿಕೋಟು, ಒಂದಿಷ್ಟು ಹಳೆಯ ತಿಕೀಟು. ಹಳಿಯದೊಂದು ತುಂಡನ್ನು ಹಗ್ಗದಲ್ಲಿ ತೂಗುಬಿಟ್ಟಿದ್ದಳು, ಕಬ್ಬಿಣದ ಸಲಾಕೆಯಿಂದ ಹೊಡೆದರೆ ಓಣಿಯೆಲ್ಲ ಗಣಗಣ ಅನ್ನುತ್ತಿತ್ತು. ಪ್ರತಿ ಗುರುವಾರ, ಸಂತೆಯ ದಿನ, ಬಾಗಿಲು ತೆರೆದು ಬಂದವರಿಗೆಲ್ಲ ರೈಲಿನ ಕತೆ ಹೇಳುತ್ತಿದ್ದಳು. ಮೊದಮೊದಲು ಮಕ್ಕಳು ಬಂದರು, ಆಮೇಲೆ ಹೆಂಗಸರು, ಆಮೇಲೆ ಗಾಡಿ ಕಟ್ಟಿಕೊಂಡು ಸಂತೆಗೆ ಬಂದ ಹಳ್ಳಿಯವರು. ಹಳಿ ಹಾಕಲು ಕೂಲಿಗೆ ಹೋಗಿ ಬಂದವರೊಬ್ಬರು ತಮ್ಮ ಗುದ್ದಲಿ ತಂದುಕೊಟ್ಟರು. ನಾರಾಯಣಪುರದವರೊಬ್ಬರು ಮಣ್ಣು ಹೊತ್ತ ಬುಟ್ಟಿ ಕೊಟ್ಟರು, ತಳ ಹರಿದಿತ್ತು. ನನ್ನ ಮಾವ ಬಾಗಿಲು ಮುರಿದ ಕಪಾಟು ಕೊಟ್ಟರು, ಬಡಗಿ ಅದಕ್ಕೆ ಪುಕ್ಕಟೆ ಬಾಗಿಲು ಕೂರಿಸಿದ.

ರೊಕ್ಕ ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಅವಳದು ಒಂದೇ ಕಾಯಿದೆ: ನೋಡಿದವರು ಒರೆಸಬೇಕು. ಹೊಸ್ತಿಲ ಮೇಲೆ ಹುಣಸೆಹಣ್ಣಿನ ಬಟ್ಟಲು, ಸೋಸಿದ ಬೂದಿ, ಹಳೆಯ ಸೀರೆಯ ಚಿಂದಿ ಇಟ್ಟಿರುತ್ತಿದ್ದಳು. ಬಂದವರು ಯಾರೇ ಆಗಲಿ, ಏನಾದರೊಂದನ್ನು ತಿಕ್ಕಿ ಬೆಳಗಿಸಿ ಹೋಗಬೇಕು. ಹುಣಸೆಹಣ್ಣು ಮುಗಿದರೆ ಯಾರಾದರೂ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ತಹಸೀಲ್ದಾರರ ಹೆಂಡತಿ ಒಮ್ಮೆ ಪಲ್ಲಕ್ಕಿಯಿಂದ ಇಳಿದ ಹಾಗೆ ಬಂದು, ನೋಡಿ ಹೊರಟಾಗ ಚಾಚಿ ಅವಳ ಕೈಗೂ ಚಿಂದಿ ಕೊಟ್ಟಳು. ಆಕೆ ಕಣ್ಣು ಕೆಂಪಗೆ ಮಾಡಿದಳು, ಆದರೂ ಸೀಟಿಯನ್ನು ಒರೆಸಿಯೇ ಹೋದಳು! ನನಗಂತೂ ಗುರುವಾರ ಯಾವಾಗ ಬಂದೀತೋ ಅನ್ನಿಸುತ್ತಿತ್ತು. ನಮ್ಮ ಅತ್ತೆ ಬೈಯುತ್ತಿದ್ದಳು, "ಹಬ್ಬಕ್ಕ ಮನ್ಯಾಗಿನ ಹಿತ್ತಾಳಿ ತಿಕ್ಕಂದ್ರ ಟೊಂಕ ನೋಯ್ತದ, ಚಾಚಿ ಮನಿಗಿ ಹೋದ್ರ ಕೈಗಿ ರೆಕ್ಕಿ ಬರ್ತಾವೇನ ನಿನಗ?" ಹೌದು, ಬರುತ್ತಿದ್ದವು. ನನಗೆ ಆ ಮನೆಯಲ್ಲಿ ಉಸಿರಾಡಲು ಜಾಗ ಸಿಗುತ್ತಿತ್ತು.

ಹೊತ್ತು ಮುಳುಗುತ್ತಲೇ ಅವಳು ಕಂದೀಲು ಹಚ್ಚುತ್ತಿದ್ದಳು, ಹಗಲು ಬೆಳಕಿನಲ್ಲಿ ಬಣ್ಣ ಕಾಣುವುದಿಲ್ಲವೆಂದು. ಕೆಂಪು ತಿರುಗಿಸಿ, ನಿಲ್ಲು. ಹಸಿರು ತಿರುಗಿಸಿ, ಹೋಗು. ಬಿಳಿ ಯಾಕೆ ಎಂದು ಯಾರಾದರೂ ಕೇಳಲೇಬೇಕು, ಆಗ ಹೇಳುತ್ತಿದ್ದಳು, "ಬಿಳೀ ಬೆಳಕಿನಾಗ ಇದ್ದದ್ದು ಇದ್ದಂಗ ಕಾಣ್ತದ." ಓಣಿಯ ಚರಂಡಿಯಿಂದ ಸೊಳ್ಳೆಗಳು ನುಗ್ಗುತ್ತಿದ್ದವು. ಅದಕ್ಕೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಎಬ್ಬಿಸುತ್ತಿದ್ದಳು. ಗುರುವಾರ ಸಂಜೆ, ದೀಪ, ಲೋಬಾನದ ಹೊಗೆ... ಇವು ಮೂರೂ ಒಂದು ಕಡೆ ಕೂಡಿದರೆ ನಮ್ಮ ಕಡೆಯ ಜನ ಅದನ್ನು ದರ್ಗಾ ಎಂದೇ ತಿಳಿಯುತ್ತಾರೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ಅಷ್ಟು ವರ್ಷ ರೈಲಿನ ಮನೆಗಳಲ್ಲಿ ಇದ್ದು ಮರೆತಿದ್ದಳೋ ಏನೋ. ನನಗೂ ಹೊಳೆಯಲಿಲ್ಲ.

ಆ ಖೋಲಿಯಲ್ಲಿ ಒಂದು ಮೊಳೆಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಒಂಟಿಯಾಗಿ ತೂಗುಹಾಕಿದ್ದಳು. ಕೂಲಿಯವರು ರಟ್ಟೆಗೆ ಕಟ್ಟಿಕೊಳ್ಳುವ ನಂಬರಿನ ಬಿಲ್ಲೆ. ಅದರ ಕತೆ ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಒಂದು ದಿನ ನಾನು ಅದನ್ನು ತಿಕ್ಕುತ್ತಿದ್ದಾಗ ಬಾಗಿಲು ಮುಂದೆ ಮಾಡಿ, ಬಂದು ನನ್ನ ಪಕ್ಕದಲ್ಲಿ ಕೂತಳು.

"ಬೇಟಿ, ನಿನ್ನ ತವರು ಕಲ್ಯಾಣಿ ಅಲ್ಲೇನು? ಮೋರಖಂಡಿ ಅಲ್ಲಿಂದ ದೂರೇನು?"

ದೂರವಿಲ್ಲ ಅಂದೆ. ಆಗ ಹೇಳಿದಳು. ಬಿಲ್ಲೆ ಮೋರಖಂಡಿಯ ಧೂಳಪ್ಪ ಎನ್ನುವ ಹುಡುಗನದು. ಆ ಕೂಲಿ ಗುಂಪಿನಲ್ಲಿ ನಮ್ಮ ಕಡೆಯವನು ಅವನೊಬ್ಬನೇ, ಮಿಕ್ಕವರೆಲ್ಲ ತೆಲುಗರು. ಕನ್ನಡ ಮಾತಾಡುವ ಆಸೆಗೆ ಸಂಜೆ ಹೊತ್ತು ಗಾರ್ಡಿನ ಹತ್ತಿರ ಬಂದು ಕೂಡುತ್ತಿದ್ದನಂತೆ. ಹಳಿಗೆ ದಾರಿ ಮಾಡಲು ದಿಬ್ಬ ಕಡಿಯುವಾಗ ಎರಡೂ ಬದಿಯ ಮಣ್ಣನ್ನು ಇಳಿಜಾರಾಗಿ ಕಡಿಯಬೇಕು. ಗುತ್ತೇದಾರ ಗೋಡೆಯ ಹಾಗೆ ನೆಟ್ಟಗೆ ಕಡಿಸಿದ. ಹಾಗೆ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಅವನ ಗಂಟು ದಪ್ಪಗಾಗುತ್ತದೆ. ಒಂದು ಮಳೆ ಬಿತ್ತು, ದಿಬ್ಬ ಕುಸಿಯಿತು, ಧೂಳಪ್ಪ ಅಡಿಗೆ ಸಿಕ್ಕ. ಹೆಣವನ್ನು ಹಳಿಯ ಬದಿಗೇ ಹೂಳಿಸಿ, ಕೆಲಸ ಬಿಟ್ಟು ಓಡಿಹೋದ ಎಂದು ಗುತ್ತೇದಾರ ಸುದ್ದಿ ಹಬ್ಬಿಸಿದ. ಮೋರಖಂಡಿಗೂ ಹಾಗೆಯೇ ಹೇಳಿಕಳಿಸಿದ. ಚಾಚಿಯ ಗಂಡ ಎಲ್ಲ ಕಣ್ಣಾರೆ ಕಂಡಿದ್ದ. ಹೂಳುವ ಮೊದಲು ಬಿಲ್ಲೆ ಬಿಚ್ಚಿಟ್ಟುಕೊಂಡ. ನೌಕರಿ ಹೋದೀತೆಂಬ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ದು, ಸಾಯುವಾಗ ಹೆಂಡತಿಯ ಹತ್ತಿರ ಬಾಯಿಬಿಟ್ಟ. ಅವನ ತಾಯಿಗೆ ಹೇಳು, ಮಗ ಓಡಿಹೋಗಲಿಲ್ಲ ಅಂತ ಹೇಳು.

ಅದಕ್ಕೇ ಈ ಖೋಲಿ. ಗುತ್ತೇದಾರ ಹುಮನಾಬಾದಿನವನೇ, ದೊಡ್ಡ ಮಾಳಿಗೆಯ ಮನೆ ಕಟ್ಟಿಕೊಂಡಿದ್ದ. ಬಾಯಿಬಿಟ್ಟು ವಿಚಾರಿಸಿದರೆ ಮಾತು ತಾಯಿಗಿಂತ ಮೊದಲು ಅವನ ಕಿವಿಗೆ ಬೀಳುತ್ತಿತ್ತು. ರೈಲಿನ ಸಾಮಾನು ನೋಡಲು ಹಳ್ಳಿ ಹಳ್ಳಿಯಿಂದ ಜನ ಬರಲಿ, ಒಂದಲ್ಲ ಒಂದು ದಿನ ಮೋರಖಂಡಿಯವರೂ ಬಂದಾರು ಎಂದು ಅವಳು ಬಾಗಿಲು ತೆರೆದು ಕಾದಿದ್ದಳು. ಅವಳು ಇಷ್ಟನ್ನೂ ಹೇಳುವಾಗ ಅಳಲಿಲ್ಲ. ಹಲ್ಲು ಕಚ್ಚಿ ಹೇಳಿದಳು, ಗಂಡನ ಮೇಲೂ ಅವಳಿಗೆ ಸಿಟ್ಟಿತ್ತು.

ನಾನು ಪಂಚಮಿಗೆ ತವರಿಗೆ ಹೋದಾಗ ಅಪ್ಪನಿಗೆ ಹೇಳಿ ಮೋರಖಂಡಿಗೆ ಗಾಡಿ ಕಳಿಸಿದೆ. ವಾಪಸು ಬರುವಾಗ ಆ ತಾಯಿ ನನ್ನ ಜೊತೆ ಗಾಡಿಯಲ್ಲಿದ್ದಳು. ಒಣಗಿದ ಮೈ. ದಾರಿಯುದ್ದಕ್ಕೂ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಓಡಿಹೋದವನ ತಾಯಿ ಎಂದು ಊರಲ್ಲಿ ಅವಳನ್ನು ಬಾವಿಯ ಕಟ್ಟೆಯ ಮೇಲೂ ಆಡಿಕೊಳ್ಳುತ್ತಿದ್ದರಂತೆ. ಚಾಚಿ ಅವಳಿಗೆ ಎಲ್ಲ ಹೇಳಿ ಬಿಲ್ಲೆಯನ್ನು ಅಂಗೈಯಲ್ಲಿಟ್ಟಳು. ಆ ತಾಯಿ ಹೊಸ್ತಿಲ ಹತ್ತಿರ ಹೋಗಿ, ಬಟ್ಟಲಿನಿಂದ ಹುಣಸೆಹಣ್ಣು ತೆಗೆದುಕೊಂಡು, ತಿಕ್ಕತೊಡಗಿದಳು. ನಾನು ಅದನ್ನು ಆಗಲೇ ಬಂಗಾರದ ಹಾಗೆ ಬೆಳಗಿದ್ದೆ, ಆದರೂ ತಿಕ್ಕಿದಳು. "ಇಲ್ಲೇ ಇರ್ಲಿ ಬಾಯಿ. ಮನ್ಯಾಗ ಇಟ್ರ ನನಗೊಬ್ಬಾಕಿಗೇ ಗೊತ್ತಾಗ್ತದ" ಎಂದಳು.

ಆವತ್ತಿನಿಂದ ಚಾಚಿ ಬಂದವರಿಗೆಲ್ಲ ಮೊದಲು ಬಿಲ್ಲೆಯ ಕತೆ ಹೇಳಿದಳು, ಆಮೇಲೆ ಉಳಿದದ್ದು. ಧೂಳಪ್ಪ ಓಡಿಹೋಗಲಿಲ್ಲ. ದಿಬ್ಬ ನೆಟ್ಟಗೆ ಕಡಿದಿದ್ದರು. ಕಡಿಸಿದವನು ಇಂಥವನು. ಹೆಸರು ಹಿಡಿದೇ ಹೇಳುತ್ತಿದ್ದಳು. ಜನ ಅತ್ತಿತ್ತ ನೋಡುತ್ತಿದ್ದರು. ನನ್ನ ಮಾವ ಗಾಬರಿಯಾಗಿ ನನ್ನನ್ನು ಕೆಲವು ವಾರ ಆ ಕಡೆ ಬಿಡಲಿಲ್ಲ.

ಗುತ್ತೇದಾರ ಗುಂಡಾಗಳನ್ನು ಕಳಿಸುತ್ತಾನೆ, ಖೋಲಿಗೆ ಬೆಂಕಿ ಇಡಿಸುತ್ತಾನೆ ಎಂದು ನಾವು ಹೆದರಿದ್ದೆವು. ಹಾಗೆ ಮಾಡಿದ್ದರೆ ಚೆನ್ನಾಗಿತ್ತು! ಬೆಂಕಿ ಇಟ್ಟವನನ್ನು ಕೇಡಿ ಎಂದಾದರೂ ಅನ್ನಬಹುದಿತ್ತು. ಅವನು ಅದಕ್ಕಿಂತ ಜಾಣ. ಯುದ್ಧದ ವರ್ಷಗಳವು, ಅವನ ಕೈಯಲ್ಲಿ ಹೊಸ ಗುತ್ತಿಗೆಗಳಿದ್ದವು, ಸೊಂಟದ ಚೀಲ ತುಂಬಿತ್ತು. ಒಂದು ಗುರುವಾರ ಸಂಜೆ, ಚಾಚಿ ಕಂದೀಲು ಹಚ್ಚಿದ ಹೊತ್ತಿಗೇ, ಅವನು ಬಾಜಾ ಬಾರಿಸಿಕೊಂಡು ಬಂದ. ಹಿಂದೆ ಕಾಯಿ, ಹೂವು, ಸಕ್ಕರೆಯ ತಟ್ಟೆಗಳು. ಖೋಲಿಯೊಳಗೆ ಬಂದು ಬಿಲ್ಲೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದು ಹೋ ಎಂದು ಅತ್ತ. "ಧೂಳಪ್ಪ ನನ್ನ ಕನಸಿನ್ಯಾಗ ಬಂದಿದ್ದಪ್ಪೋ! ಅಂವ ಸತ್ತಿಲ್ಲ, ದೇವರಾಗ್ಯಾನ!"

ಓಡಿಹೋದ ಎಂದಿದ್ದ ಬಾಯಿ ಅದೇ. ಯಾರೂ ಕೇಳಲಿಲ್ಲ, ಓಡಿಹೋದವನು ದೇವರಾದದ್ದು ಹ್ಯಾಗೆ ಎಂದು. ದೀಪ ಉರಿಯುತ್ತಿತ್ತು, ಲೋಬಾನ ಹೊಗೆಯಾಡುತ್ತಿತ್ತು, ದೊಡ್ಡ ಮನುಷ್ಯ ನೆಲಕ್ಕೆ ಬಿದ್ದು ಅಳುತ್ತಿದ್ದ. ಹಿಂದೆ ನಿಂತ ಹೆಂಗಸರು ಸೆರಗು ಹೊದ್ದು ಕೈ ಮುಗಿದರು, ಟೋಪಿಯವರು ಟೋಪಿ ಸರಿಮಾಡಿಕೊಂಡು ಕೈ ಎತ್ತಿ ದುವಾ ಕೇಳಿದರು. ಚಾಚಿ ಮಾತ್ರ ಕೈಯಲ್ಲಿ ಚಿಂದಿ ಹಿಡಿದು ಅವನ ತಲೆಯ ಹತ್ತಿರ ನಿಂತಿದ್ದಳು.

"ಏಳು ಮ್ಯಾಲ" ಅಂದಳು. "ಇದು ದರ್ಗಾನೂ ಅಲ್ಲ, ಗುಡೀನೂ ಅಲ್ಲ. ಇಲ್ಲಿ ಯಾರೂ ಕೈ ಮುಗೀಬ್ಯಾಡ್ರಿ, ಒರಸ್ರಿ. ತಗೋ, ನೀನೇ ಮೊದಲ ಒರಸು."

ಅವನು ಚಿಂದಿಯನ್ನು ಕಣ್ಣಿಗೊತ್ತಿಕೊಂಡು, ಮಡಿಸಿ ಜೇಬಿಗಿಟ್ಟುಕೊಂಡ. ಒರೆಸಲಿಲ್ಲ. ಜನ ಅದಕ್ಕೂ ಮೆಚ್ಚಿ ಲೊಚಗುಟ್ಟಿದರು. ಥೂ!

ಮುಂದಿನದು ಹೇಳಲು ನನಗೆ ಈಗಲೂ ಸಿಟ್ಟು ಬರುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅನ್ನುತ್ತಾರೆ. ಇಲ್ಲಿ ಕೊಟ್ಟವನೇ ಈರಭದ್ರನಾಗಿ ಕೂತ. ನೆಲಕ್ಕೆ ಶಹಾಬಾದಿನ ಕಲ್ಲು ಹಾಸಿಸಿದ. ಬಿಲ್ಲೆಯ ಮೇಲೆ ಬೆಳ್ಳಿಯ ಛತ್ರಿ ಕಟ್ಟಿಸಿದ. ಪೂಜೆಗೊಬ್ಬನನ್ನು ತಂದು ಕೂರಿಸಿದ. ಚಾಚಿಯ ಬಾಗಿಲಿಗೆ ವರ್ಷಗಟ್ಟಲೆ ಹುಣಸೆಹಣ್ಣು ತಂದಿದ್ದ ಜನವೇ ಈಗ ಕಾಯಿ ತಂದರು. ಬಸುರಿಯರು ಬಂದರು, ಎತ್ತು ಕಳೆದುಕೊಂಡವರು ಬಂದರು, ಹುಮನಾಬಾದಿಗೆ ರೈಲು ಬರಲಿ ಎಂದು ಆ ಕಂದೀಲಿಗೇ ಹರಕೆ ಹೊತ್ತವರೂ ಬಂದರು. ಬಿಲ್ಲೆಯ ಮೇಲೆ ವಾರವಾರವೂ ಎಣ್ಣೆ ಸಿಂಧೂರ ಬಿದ್ದು, ಮೊದಲು ನಂಬರು ಮುಚ್ಚಿತು, ಆಮೇಲೆ ಬಿಲ್ಲೆಯೇ ಮುಚ್ಚಿತು, ಜನರ ಬಾಯಲ್ಲಿ ಧೂಳಪ್ಪ ಹೋಗಿ ಕಂದೀಲಪ್ಪ ಉಳಿದ. ದೇವರ ಹತ್ತಿರ ವರ ಕೇಳುತ್ತಾರೆ, ನೀನು ಹ್ಯಾಗೆ ಸತ್ತೆ ಎಂದು ಯಾರು ಕೇಳುತ್ತಾರೆ? ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಚಾಚಿ ಸುಮ್ಮನಿರಲಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಸಿಂಧೂರ ಕೆರೆದು ತೆಗೆಯುತ್ತಿದ್ದಳು, ಗುರುವಾರ ಮತ್ತೆ ಮೆತ್ತುತ್ತಿದ್ದರು. ಸಂತೆಯ ನಡುವೆ ನಿಂತು ಹಳಿಯ ತುಂಡು ಬಾರಿಸಿ, ಧೂಳಪ್ಪ ಹ್ಯಾಗೆ ಸತ್ತ ಎಂದು ಕೂಗಿ ಹೇಳಿದಳು. ಮುದುಕಿಗೆ ದೇವರು ಮೈಮೇಲೆ ಬಂದಿದೆ ಎಂದು ಇಬ್ಬರು ಹೆಂಗಸರು ಅವಳ ಕಾಲಿಗೇ ಬಿದ್ದರು. ಅವಳು ಅಂಥ ಊರಿನ ಜೊತೆ ಹೇಗೆ ಜಗಳವಾಡಬೇಕು, ಹೇಳಿ!

ಕೊನೆಗೆ ಅವಳಿಗೆ ಒಂದೇ ದಾರಿ ಉಳಿಯಿತು. ಧೂಳಪ್ಪನ ತಾಯಿಯೇ ಬಂದು ನಿಂತು ಹೇಳಿದರೆ ಜನ ಕೇಳಬಹುದು. ನಾನೇ ಮತ್ತೆ ಗಾಡಿ ಕಳಿಸಿದೆ. ಅವಳು ಬಂದಳು, ಆದರೆ ನಾನು ಕಳಿಸಿದ ಗಾಡಿಯಲ್ಲಲ್ಲ, ಗುತ್ತೇದಾರನ ಕಮಾನು ಕಟ್ಟಿದ ಎತ್ತಿನ ದಮಣಿಯಲ್ಲಿ. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ದಮಣಿಯಿಂದ ಇಳಿಯುವಷ್ಟರಲ್ಲಿ ಓಣಿಯ ಹೆಂಗಸರು ಅವಳ ಪಾದಕ್ಕೆ ನೀರು ಹಾಕಿದರು. ಚಾಚಿ ಅವಳ ರಟ್ಟೆ ಹಿಡಿದು ನಮ್ಮ ಹಿತ್ತಲಿಗೆ ಕರೆದುಕೊಂಡು ಬಂದಳು. ನಾನಲ್ಲೇ ಇದ್ದೆ.

"ಹೇಳವ್ವಾ ಅವರಿಗಿ. ಇಂವನೇ ಕೊಂದಾನ ಅಂತ ಹೇಳು."

ಆ ತಾಯಿ ನೆಲ ನೋಡುತ್ತ ನಿಂತಿದ್ದಳು. "ನನಗ ಗೊತ್ತದ ಬಾಯಿ" ಎಂದಳು. "ಅಂವ ಹ್ಯಾಂಗ ಸತ್ತ ಅನ್ನೂದು ನಾ ಮರೆತಿಲ್ಲ. ಆದ್ರ ಇಷ್ಟು ವರ್ಷ ಓಡಿಹೋದವನ ತಾಯಿ ಆಗಿದ್ದೆ. ಈಗ ಊರಾಗ ನನ್ನ ಕಾಲಿಗಿ ನೀರು ಹಾಕಾಕತ್ತಾರ. ನನಗ ಇನ್ನೆಷ್ಟು ದಿನ ಅದ? ಇರ್ಲಿ ಬಿಡು, ಬಾಯಿ. ಕೈ ಮುಗೀತೀನಿ."

ಚಾಚಿಯ ಮುಖ ನಾನು ಮರೆತಿಲ್ಲ. ಗುತ್ತೇದಾರನ ಎದುರಿಗೆ ಒಮ್ಮೆಯೂ ಇಳಿಯದಿದ್ದ ಮುಖ ಅಂದು ಇಳಿಯಿತು. ಅವಳು ಆ ತಾಯಿಯ ಮುಗಿದ ಕೈಗಳನ್ನು ಬಿಡಿಸಿ ಕೆಳಗಿಳಿಸಿದಳು. ಆಯಿತು ಎಂದಳು, ಅಷ್ಟೇ. ನನಗೆ ಆ ತಾಯಿಯ ಮೇಲೆ ಸಿಟ್ಟಿಲ್ಲ. ಹಸಿದವಳಿಗೆ ತುತ್ತು ತೋರಿಸಿ ಬಾಯಿ ಮುಚ್ಚಿಸಿದವನ ಮೇಲೆ ಇದೆ, ಅವನು ಸತ್ತು ಮಣ್ಣಾದರೂ ಇದೆ.

ಅದಾದ ಮೇಲೆ ಚಾಚಿ ಹೆಚ್ಚು ದಿನ ಇರಲಿಲ್ಲ. ಒಂದು ಶುಕ್ರವಾರ ಒರೆಸಲು ಹೋದಾಗ ಪೂಜೆಯವನು, ದೇವರನ್ನ ಮುಟ್ಟಬ್ಯಾಡ ಎಂದು ಅವಳನ್ನು ಅವಳದೇ ಖೋಲಿಯಿಂದ ಹೊರಗೆ ಹಾಕಿದ. ಬೀದರಿನಲ್ಲಿ ಅವಳ ತಂಗಿಯಿದ್ದಳು, ಅಲ್ಲಿಗೆ ಹೊರಟಳು. ನಾನು ಅಳುತ್ತಿದ್ದೆ. ಹುಣಸೆಹಣ್ಣಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಅಳೂದು ಆಮ್ಯಾಲ ಎಂದು ಗದರಿಸಿದಳು. ಹಸಿರು ಬಾವುಟ ಅವಳ ಕಂಕುಳಲ್ಲಿತ್ತು. ಬೀದರಿನ ಮೋಟಾರು ಹತ್ತುವಾಗ ತಿರುಗಿ ನೋಡಿದಳೋ ಇಲ್ಲವೋ... ಧೂಳಿನಲ್ಲಿ ಕಾಣಲಿಲ್ಲ. ಮುಂದೆ ನಿಜಾಮರ ಆಳ್ವಿಕೆ ಮುಗಿಯುವಾಗಿನ ಗಲಾಟೆಯ ವರ್ಷಗಳು ಬಂದವು, ಯಾರು ಎಲ್ಲಿಗೆ ಹೋದರೋ ಯಾರಿಗೂ ತಿಳಿಯಲಿಲ್ಲ. ಎಲ್ಲ ತಣ್ಣಗಾದ ಮೇಲೆ ಬೀದರಿಗೆ ಹೋಗಿ ಬಂದವರ ಹತ್ತಿರ ವಿಚಾರಿಸಿದೆ. ಆ ಓಣಿಯಲ್ಲಿ ಅಂಥವರು ಯಾರೂ ಇಲ್ಲ ಅಂದರು. ಅವಳ ಗೋರಿ ಎಲ್ಲಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಹೋದ ವಾರ ಬಂದವರಲ್ಲಿ ಒಬ್ಬ ಆ ಗುತ್ತೇದಾರನ ಮೊಮ್ಮಗ. ಒಳ್ಳೆಯ ಹುಡುಗನೇ ಇರಬೇಕು, ಕಾಲಿಗೆ ನಮಸ್ಕಾರ ಮಾಡಿದ. ಹೊರಗೆ ಹಳ್ಳಿಖೇಡದ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು, ಅದರ ನಡುವೆ ಜೋರಾಗಿ ಕೂಗಿ ಹೇಳಿದ: ಗುಡಿಗೆ ಪೂರಾ ಸಂಗಮರವರಿ ಬಿಳಿಕಲ್ಲು ಹಾಕಿಸುತ್ತಾರಂತೆ, ಸ್ಥಾಪನೆ ಮಾಡಿದವರೆಂದು ಅವನ ಅಜ್ಜನ ಹೆಸರು ಬಾಗಿಲ ಮೇಲೆ ಬರುತ್ತದಂತೆ, ದೇಣಿಗೆ ಕೊಟ್ಟವರ ಹೆಸರೂ ಕೆತ್ತಿಸುತ್ತಾರಂತೆ.

"ನನ್ನ ಹೆಸರು ಬ್ಯಾಡಪ್ಪ" ಅಂದೆ. "ನಾ ಹೇಳಿದ್ದೊಂದು ಸಾಲು ಕೆತ್ತಸ್ತೀರೇನು? ಕೆತ್ತಸೂದಾದ್ರ ನನ್ನ ಕೈಯಾಗಿನ ಬಂಗಾರದ ಬಳಿ ಎರಡೂ ಕೊಡ್ತೀನಿ."

ಅವರ ಮುಖ ಅರಳಿತು. ಹೇಳ್ರಿ ಅಜ್ಜಿ, ಹೇಳ್ರಿ ಎಂದರು. ಹೇಳಿದೆ. ಮೋರಖಂಡಿಯ ಧೂಳಪ್ಪ ಓಡಿಹೋಗಲಿಲ್ಲ, ದಿಬ್ಬ ನೆಟ್ಟಗೆ ಕಡಿಸಿದ್ದರಿಂದ ಮಣ್ಣಿನಡಿ ಸತ್ತ, ಕಡಿಸಿದವನು ಈ ಬಾಗಿಲ ಮೇಲೆ ಹೆಸರಿರುವವನು. ಹುಡುಗನ ಕೈಯಲ್ಲಿದ್ದ ಚಹಾದ ಬಟ್ಟಲು ಹಾಗೆಯೇ ನಿಂತಿತು. ಅವನಿಗೆ ನಿಜವಾಗಿ ಏನೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಹಿರಿಯನೊಬ್ಬ, ಅಜ್ಜಿಗೆ ವಯಸ್ಸಾಗಿದೆ, ನಡೀರಿ ನಡೀರಿ ಎಂದು ಎಬ್ಬಿಸಿಕೊಂಡು ಹೋದ.

ಅವರು ಬಿಟ್ಟುಹೋದ ಈ ಪುಟ್ಟ ಕಂದೀಲನ್ನು ನಿನ್ನೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹಳದಿ ಬಣ್ಣವೆಲ್ಲ ಚಿಂದಿಗೆ ಬಂತು, ಒಳಗೆ ತಗಡು. ಹುಣಸೆಹುಳಿಯ ವಾಸನೆ ಮಾತ್ರ ಹಾಗೆಯೇ ಇತ್ತು, ಚಾಚಿಯ ಹೊಸ್ತಿಲಿನದು, ಅದು ಮೂಗಿಗೆ ಬಡಿದಾಗ ಅಳು ತಡೆಯಲಾಗಲಿಲ್ಲ.

ಅವರು ಆ ಸಾಲು ಕೆತ್ತಿಸುವುದಿಲ್ಲ. ಸಿಂಧೂರದ ಆ ಗಡ್ಡೆಯನ್ನು ಕೆರೆಯುವ ಬಲ ನನ್ನ ಕೈಗಿಲ್ಲ. ಅದಕ್ಕೆ ಇಷ್ಟನ್ನು ಬರೆದಿಟ್ಟಿದ್ದೇನೆ. ಮೋರಖಂಡಿಯ ಧೂಳಪ್ಪ ಓಡಿಹೋಗಲಿಲ್ಲ. ಇಲ್ಲಿತನಕ ಓದಿದಿರಲ್ಲ, ನೀವೂ ನೋಡಿದವರಾದಿರಿ. ಚಾಚಿಯ ಕಾಯಿದೆ ನಿಮಗೆ ಗೊತ್ತಿದೆ.